ಹೇಳಿಕೊಡುವವರ ಬ್ಯಾಟರಿ

ಪಂಚಮಿ ಹತ್ತಿರ ಬಂತೆಂದರೆ ನಮ್ಮ ಮನೆಯ ಸಾಮಾನುಗಳಿಗೆಲ್ಲ ನಡುಕ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಅಂಗಳಕ್ಕೆ ತಂದು ಬಿಸಿಲಿಗೆ ನಿಲ್ಲಿಸುತ್ತಾಳೆ. ಇನ್ನೊಂದು ವರ್ಷ ಈ ಮನೆಯಲ್ಲಿರಲು ತನಗೇನು ಹಕ್ಕಿದೆ ಎಂದು ಅದು ಹೇಳಬೇಕು, ಇಲ್ಲವಾದರೆ ಹಳೇ ಸಾಮಾನಿನವನ ತಳ್ಳುಗಾಡಿ ಹತ್ತಬೇಕು. ಈ ಸಲ ಹಾಗೆ ವಿಚಾರಣೆಗೆ ಬಂದದ್ದು ಒಂದು ಬ್ಯಾಟರಿ. ನೀವು ಟಾರ್ಚು ಎನ್ನುತ್ತೀರಲ್ಲ, ಅದು. ಎರಡು ಸೆಲ್ಲಿನದು, ತಗಡಿನದು. ಗಾಜು ಬಿರುಕು ಬಿಟ್ಟಿದೆ. ಗುಂಡಿಯಂತೂ ಒಳಗೆ ಹೋಗಿ ಕೂತುಬಿಟ್ಟಿದೆ, ಯಾರು ಕರೆದರೂ ಹೊರಗೆ ಬರುವುದಿಲ್ಲ.

“ಇದು ಹತ್ತಂಗಿಲ್ಲ, ಆರಂಗಿಲ್ಲ. ಎಲ್ಲಾರ ಫೋನಿನಾಗೂ ಬ್ಯಾಟ್ರಿ ಐತಿ. ಇದನ್ಯಾಕ ಇಟ್ಕಂಡೀರಿ?” ಎಂದಳು ಅವ್ವ.

“ಅದನ್ನ ಮುಟ್ಟಬ್ಯಾಡ!” ಎಂದು ಅಪ್ಪನೂ ನಾನೂ ಒಟ್ಟಿಗೆ ಕೂಗಿದೆವು.

ಅಪ್ಪನೂ ನಾನೂ ಒಂದೇ ಮಾತು ಆಡುವುದು ನಮ್ಮ ಮನೆಯಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಅವ್ವ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿ, ಬ್ಯಾಟರಿಯನ್ನು ನನ್ನ ಕೈಗೆ ತುರುಕಿ, ಮುಂದಿನ ಆರೋಪಿಯಾದ ಕಾಲು ಮುರಿದ ಸ್ಟೂಲಿನ ಕಡೆ ಹೋದಳು. ಅಪ್ಪ ಗಿರಣಿಗೆ ಹೋದರು. ನಾನು ಕಸಬರಿಗೆ ಒಂದು ಕೈಯಲ್ಲಿ, ಬ್ಯಾಟರಿ ಇನ್ನೊಂದು ಕೈಯಲ್ಲಿ ಹಿಡಿದು ಅರ್ಧ ಗುಡಿಸಿದ ಕೋಣೆಯ ನಡುವೆ ಕೂತೆ. ಆ ಕೋಣೆ ಸಂಜೆಯವರೆಗೂ ಅರ್ಧವೇ ಗುಡಿಸಿದಂತಿತ್ತು, ಅದಕ್ಕೆ ಈ ಬರಹವೇ ಕಾರಣ.

ಮೊದಲು ಗಿರಣಿಯ ವಿಷಯ ಹೇಳಿಬಿಡುತ್ತೇನೆ. ಹಿರೇಹಡಗಲಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಜೋಳ ಬೀಸುವ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯಲ್ಲಿ ಎಲ್ಲರ ದನಿಯೂ ದೊಡ್ಡದು. ನಮ್ಮವ್ವ ಗುಟ್ಟು ಹೇಳಿದರೆ ಓಣಿಯ ಕೊನೆಯವರು ಹೌದೌದು ಎನ್ನುತ್ತಾರೆ. ನಾನು ಪಿಸುಗುಟ್ಟುವುದನ್ನು ಕಲಿತದ್ದೇ ಕಾಲೇಜಿಗೆ ಹೋದ ಮೇಲೆ, ಅದೂ ಸರಿಯಾಗಿ ಕಲಿಯಲಿಲ್ಲ ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಅಪ್ಪನನ್ನು ಊರಲ್ಲಿ ಗಿರಣಿ ಮಲ್ಲಪ್ಪ ಎನ್ನುತ್ತಾರೆ. ಯುಗಾದಿ ಆದ ಮೇಲೆ ನಮ್ಮೂರ ಗಂಡಸರು ಸೇರಿ ಒಂದು ನಾಟಕ ಆಡುತ್ತಾರೆ, ಅದರಲ್ಲಿ ಅಪ್ಪ ಖಾಯಂ ಖಳನಾಯಕ. ವರ್ಷವಿಡೀ ಹೆಂಗಸರ ಜೋಳದ ಚೀಲವನ್ನು ತಾವೇ ಇಳಿಸಿಕೊಂಡು “ಬರ್ರಿ ಅಕ್ಕಾರ, ಕುಂದರ್ರಿ” ಎನ್ನುವ ಮನುಷ್ಯ ಅದೊಂದು ದಿನ ಕಪ್ಪು ಮೀಸೆ ಅಂಟಿಸಿಕೊಂಡು ಅದೇ ಹೆಂಗಸರಿಂದ ಶಾಪ ಹಾಕಿಸಿಕೊಳ್ಳುತ್ತಿದ್ದರು. ಮರುದಿನ ಬೀಸಲು ಬಂದವರು “ಮಲ್ಲಪ್ಪಣ್ಣ, ಆ ಪಾಪದ ಹೆಣ್ಮಗಳ ಹೊಲ ಕಸ್ಕೊಳ್ಳಾಕ ನಿನಗ ಮನಸರ ಹೆಂಗ ಬಂತು?” ಎಂದು ನಿಜವಾಗಿಯೇ ಕೇಳುತ್ತಿದ್ದರು. ಅಪ್ಪನ ಮುಖ ಆಗ ಹೂವಿನ ಹಡಗಲಿಯ ಮಲ್ಲಿಗೆಯಂತೆ ಅರಳುತ್ತಿತ್ತು.

ನಾಟಕ ಬರೆದವರು, ಕಲಿಸಿದವರು, ಹಾರ್ಮೋನಿಯಂ ನುಡಿಸುವವರು ಮೂವರೂ ಒಬ್ಬರೇ: ಖಾದರ್ ಮಾಸ್ತರು. ಹಡಗಲಿಯಲ್ಲಿ ಅವರದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ. ಹಗಲೆಲ್ಲ ತಾಮ್ರದ ತಂತಿ ಸುತ್ತಿ, ಸಂಜೆ ಮೋಟರ್ ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ತಾಲೀಮಿಗೆ ಬರುತ್ತಿದ್ದರು. ಹೆಣ್ಣು ಪಾತ್ರದವರು ಕೂಡ್ಲಿಗಿಯಿಂದ ಬರುತ್ತಿದ್ದರು, ನಾಟಕದ ಹಿಂದಿನ ದಿನ. ಗಂಡು ಪಾತ್ರದವರೋ, ಎರಡು ತಿಂಗಳು ತಾಲೀಮು ಮಾಡಿದರೂ ಮಾತು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡುವವರು ಒಬ್ಬರು ಇರುತ್ತಿದ್ದರಲ್ಲ.

ಆ ಒಬ್ಬರು ನಾನು.

ಹತ್ತು ವರ್ಷದವಳಿದ್ದಾಗ ಶುರುವಾದದ್ದು. ಅದುವರೆಗೆ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಗಿರಣಿಯಲ್ಲಿ ಕೂತು ಹಳೇ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ ನನ್ನನ್ನು ಖಾದರ್ ಮಾಸ್ತರು ನೋಡಿ, “ಮಲ್ಲಪ್ಪಣ್ಣ, ನಿನ್ನ ಮಗಳ ಬಾಯಿ ಚೊಲೋ ಐತಲ್ಲೋ. ಬೀಸಾ ಸದ್ದಿನಾಗೂ ಒಂದೊಂದ್ ಅಕ್ಷರ ಬಿಡಿಸಿ ಕೇಳ್ತೈತಿ” ಎಂದರು. ಅಪ್ಪ ಸ್ವಲ್ಪ ಯೋಚಿಸಿ, “ಪರದಿ ಹಿಂದ ಅಂದ್ರ ಆತು. ಪರದಿ ಮುಂದ ಮಾತ್ರ ಬ್ಯಾಡ” ಎಂದರು. ಅವತ್ತೇ ಸಂತೆಯಿಂದ ಈ ಬ್ಯಾಟರಿ ತಂದುಕೊಟ್ಟರು. ಅದರ ಬೆಳಕಿನಲ್ಲಿ ನಾನು, ಮಾಸ್ತರು ಹಸಿರು ಶಾಯಿಯಲ್ಲಿ ಬರೆದ ಉದ್ದನೆಯ ನೋಟ್‌ಬುಕ್ ಓದಬೇಕು. ಒಂದು ಸಲ ಮಿಣುಕಿಸಿದರೆ ಮಾಸ್ತರು ಹಾಡು ಎತ್ತಿಕೊಳ್ಳುತ್ತಿದ್ದರು, ಎರಡು ಸಲ ಮಿಣುಕಿಸಿದರೆ ಪರದೆ ಬೀಳುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಇಷ್ಟು ಅಧಿಕಾರ ಸಿಕ್ಕರೆ ತಲೆ ನಿಲ್ಲುತ್ತದೆಯೇ? ಶಾಲೆಯಲ್ಲಿ ಒಂದು ವಾರ ನಾನು ಯಾರ ಜೊತೆಯೂ ಮಾತಾಡಲಿಲ್ಲ.

ಮಾಸ್ತರ ಪಾಠ ಬಹಳ ಸರಳ. “ನೋಡು ಕೊಟ್ರಿ,” ಎನ್ನುತ್ತಿದ್ದರು. ನನ್ನ ಹೆಸರು ಕೊಟ್ರಮ್ಮ, ತಾಯಿಯ ತವರು ಕೊಟ್ಟೂರು, ಹೀಗಾಗಿ ಹೆಸರನ್ನು ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. “ನೋಡು ಕೊಟ್ರಿ, ನಾಟಕದಾಗ ಯಾರರ ಸುಮ್ಮನ ನಿಂತ್ರು ಅಂದ್ರ ಕರೆಂಟ್ ಹೋದಂಗ. ಮನಸಿನಾಗ ಮೂರು ಎಣಿಸು. ಮೂರಕ್ಕೂ ಬಾಯಿ ಬಿಡ್ಲಿಲ್ಲ ಅಂದ್ರ ಮರ್ತಾರ ಅಂತ ತಿಳ್ಕಾ. ಹೇಳಿಬಿಡು. ಮೆಲ್ಲಕ ಹೇಳಿ ಆಟ ಕೆಡಿಸೋದಕ್ಕಿಂತ ಜೋರಾಗಿ ಹೇಳಿ ಉಳಿಸೋದು ಬೇಸಿ.”

ನಾನು ಎಷ್ಟು ಜೋರಾಗಿ ಹೇಳುತ್ತಿದ್ದೆನೆಂದರೆ ಪ್ರೇಕ್ಷಕರು ಪ್ರತಿಯೊಂದು ಮಾತನ್ನೂ ಎರಡು ಸಲ ಕೇಳಿ ಆನಂದಿಸುತ್ತಿದ್ದರು. ಪಾತ್ರಧಾರಿಗಳಿಗೆ ನನ್ನ ಮೇಲೆ ಎಂಥ ಭರವಸೆ ಇತ್ತೆಂಬುದಕ್ಕೆ ಒಂದೇ ಪ್ರಸಂಗ ಸಾಕು. ಒಂದು ವರ್ಷ ಶೇಂಗಾ ಉಂಡಿ ತಿನ್ನುತ್ತ ಪುಟ ತಿರುವುತ್ತಿದ್ದೆ. ಬೆಲ್ಲದ ಅಂಟಿಗೆ ಎರಡು ಹಾಳೆ ಕೂಡಿಕೊಂಡವು. ನನಗೆ ತಿಳಿಯಲಿಲ್ಲ, ಮುಂದಿನ ಪುಟದ ಮಾತು ಹೇಳಿಕೊಟ್ಟೆ. ಅವರೂ ಹೇಳಿದರು. ಅಪ್ಪ ಇನ್ನೂ ಮಾಡದ ಕೊಲೆಗೆ ಪೊಲೀಸರು ಬಂದು ಬೇಡಿ ಹಾಕಿದರು. ಕೊಲೆಯಾಗಬೇಕಾದ ಅಣ್ಣ ಪಕ್ಕದಲ್ಲೇ ಚಹಾ ಕುಡಿಯುತ್ತ ನಿಂತಿದ್ದ. ಅಪ್ಪ ಆ ಅಣ್ಣನನ್ನೊಮ್ಮೆ ನೋಡಿ, ನನ್ನ ಕಡೆಯೊಮ್ಮೆ ನೋಡಿ, “ಹೌದು, ನಾನೇ ಕೊಂದೆ!” ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಪುಸ್ತಕದಲ್ಲಿದ್ದ ಮೇಲೆ ಮುಗಿಯಿತು, ಅಷ್ಟೇ.

ಆದರೆ ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ನನಗೆ ಪರದೆಯ ಮುಂದೆ ಬರಬೇಕಿತ್ತು. ನಾಯಕಿಯ ಮಾತು, ಅತ್ತೆಯ ಮಾತು, ಸಾಯುವ ತಾಯಿಯ ಮಾತು ಎಲ್ಲವೂ ಮೊದಲು ನನ್ನ ಬಾಯಿಂದಲೇ ಹೊರಡುತ್ತಿದ್ದವು, ಚಪ್ಪಾಳೆ ಮಾತ್ರ ಅವರಿಗೆ ಬೀಳುತ್ತಿತ್ತು. ಹದಿಮೂರನೇ ವರ್ಷಕ್ಕೆ ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ. ಒಂದು ಸಣ್ಣ ಪಾತ್ರ, ನಾಯಕಿಯ ತಂಗಿ, ನಾಲ್ಕೇ ಮಾತು. ಅಪ್ಪ ಆಗ ಬಣ್ಣದ ಕೋಣೆಯಲ್ಲಿ ಕನ್ನಡಿ ಮುಂದೆ ಕೂತಿದ್ದರು, ಅರ್ಧ ಮೀಸೆ ಅಂಟಿತ್ತು, ಅರ್ಧ ಅಂಟಿರಲಿಲ್ಲ. “ನಮ್ಮ ಮನಿ ಹೆಣ್ಮಕ್ಳು ಬಣ್ಣ ಹಚ್ಚಂಗಿಲ್ಲ” ಎಂದರು, ಗಲ್ಲಕ್ಕೆ ಬಣ್ಣ ಹಚ್ಚಿಕೊಳ್ಳುತ್ತ. ನನಗೆ ಅಳು ಬಂತು. ಅವತ್ತು ಅವರ ಮಾತನ್ನು ಬೇಕೆಂತಲೇ ತಡವಾಗಿ ಹೇಳಿಕೊಟ್ಟೆ. ಅಷ್ಟೇ ನನ್ನ ಕೈಲಾದ ಸೇಡು.

ಮುಂದೆ ಹಡಗಲಿಯಲ್ಲಿ ಬಿ.ಎ., ಆಮೇಲೆ ಸಂಗೀತದಲ್ಲಿ ಎಂ.ಎ. ಖಾದರ್ ಮಾಸ್ತರ ಹಾರ್ಮೋನಿಯಂ ಪಕ್ಕದಲ್ಲಿ ಕೂತು ಹಾಡು ಕಲಿತವಳಿಗೆ ಕಾಲೇಜಿನ ಪರೀಕ್ಷೆ ಕಷ್ಟವಾಗಲಿಲ್ಲ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಗೀತ ಮತ್ತು ರಂಗಕಲೆ ಎರಡನ್ನೂ ಕೂಡಿಸಿ ಒಂದು ವರ್ಷ ಕಲಿಸುತ್ತಾರೆ, ವಿದ್ಯಾರ್ಥಿವೇತನವೂ ಇದೆ ಎಂದು ತಿಳಿದಾಗ ಅರ್ಜಿ ಹಾಕಿದೆ. ಕಂಪ್ಯೂಟರಿನಲ್ಲೇ ಸಂದರ್ಶನ. ರಂಗಭೂಮಿಯ ಅನುಭವ ಏನು ಎಂದು ಕೇಳಿದರು. “ಹತ್ತನೇ ವರ್ಷದಿಂದ ಪ್ರತಿ ನಾಟಕದ ಎಲ್ಲಾ ಪಾತ್ರಗಳ ಮಾತನ್ನೂ ನಾನೇ ಹೇಳುತ್ತಿದ್ದೇನೆ” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿ, ಏಕವ್ಯಕ್ತಿ ಪ್ರದರ್ಶನವೋ ಎಂದು ಕೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ನಮ್ರವಾಗಿ ನಕ್ಕೆ. ಆ ನಗುವಿಗೆ ಸೀಟು ಸಿಕ್ಕಿತು.

ಅಪ್ಪನಿಗೆ ಸಂಗೀತ ಎಂದಷ್ಟೇ ಹೇಳಿದ್ದೆ, ರಂಗಕಲೆಯ ಭಾಗವನ್ನು ನುಂಗಿಕೊಂಡಿದ್ದೆ. ಬೀಸಲು ಬಂದವರಿಗೆಲ್ಲ “ನಮ್ ಹುಡುಗಿ ಸಂಗೀತದಾಗ ದೊಡ್ಡ ಪರೀಕ್ಷಿ ಕಟ್ಯಾಳ” ಎಂದು ಸಾರಿದರು. ಹೊರಡುವ ದಿನ ಬ್ಯಾಗಿನಲ್ಲಿ ಈ ಬ್ಯಾಟರಿ ಇಟ್ಟರು. “ಅಲ್ಲಿ ಯಾಕಪ್ಪ ಇದು?” ಎಂದರೆ, “ಕರೆಂಟ್ ಹೋದ್ರ?” ಎಂದರು. ಸ್ಕಾಟ್ಲೆಂಡಿನಲ್ಲಿ ಇದ್ದಷ್ಟು ದಿನ ಕರೆಂಟ್ ಒಮ್ಮೆಯೂ ಹೋಗಲಿಲ್ಲ. ಬಿಸಿಲು ಮಾತ್ರ ಬಂದದ್ದು ಬೆರಳೆಣಿಕೆಯಷ್ಟು ಸಲ.

ಅಲ್ಲಿನ ಮೊದಲ ತಿಂಗಳು ನಾವು ನೆಲದ ಮೇಲೆ ಮಲಗಿದೆವು. ತಮಾಷೆಯಲ್ಲ, ಪಾಠವೇ ಅದು. ಹನ್ನೆರಡು ಜನ, ಒಂಬತ್ತು ದೇಶದವರು, ಮರದ ಹಲಗೆಯ ಮೇಲೆ ಅಂಗಾತ ಮಲಗಿ ಉಸಿರನ್ನು ಗಮನಿಸಬೇಕು. ಹಿರೇಹಡಗಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಇಡೀ ಊರು ಇದನ್ನು ಬಿಟ್ಟಿಯಾಗಿ ಮಾಡುತ್ತದೆ. ನಾನು ಎರಡು ಸಲ ನಿದ್ದೆ ಹೋದೆ, ಒಂದು ಸಲ ಗೊರಕೆಯನ್ನೂ ಹೊಡೆದೆ. ನಮ್ಮ ಗುರುಗಳು ಅಲಿಸನ್ ಮೇಡಂ, ಬೆಳ್ಳಿ ಕೂದಲಿನ ಸಣ್ಣ ಆಕೃತಿ, “ಇವಳ ದೇಹಕ್ಕೆ ಎಂಥ ನಿರಾಳ ನೋಡಿ” ಎಂದು ಉಳಿದವರಿಗೆ ತೋರಿಸಿದರು. ಜೀವನದಲ್ಲಿ ಗೊರಕೆಗೆ ಹೊಗಳಿಸಿಕೊಂಡದ್ದು ಅದೊಂದೇ ಸಲ.

ನನ್ನ ಪಕ್ಕದಲ್ಲಿ ಮಲಗುತ್ತಿದ್ದವಳು ಮಾರ್ತಾ, ಪೋರ್ಚುಗಲ್ಲಿನವಳು. ಗುಂಗುರು ಕೂದಲು, ಮಾತು ಜಾಸ್ತಿ, ಕೋಪ ಇನ್ನೂ ಜಾಸ್ತಿ. ನಾನು ಊರಿಂದ ತರಿಸಿಕೊಂಡಿದ್ದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ಕಣ್ಣೀರು ಸುರಿಸುತ್ತ ತಿನ್ನುತ್ತಿದ್ದಳು. ಚಳಿಗಾಲದ ಪರೀಕ್ಷೆಗೆ ಅವಳು ಹದಿನೈದು ನಿಮಿಷದ ಒಂದು ಆಟ ಕಟ್ಟಿದಳು. ಊರು ಬಿಟ್ಟು ಬಂದ ಮಗಳಿಗೆ ತಾಯಿಯಿಂದ ಫೋನು ಬರುತ್ತದೆ, ಬಾ ಎಂದು ಕರೆಯುತ್ತಾಳೆ. ಮಗಳು ಫೋನು ಹಿಡಿದು ನಿಂತೇ ಇರುತ್ತಾಳೆ, ಕೊನೆಗೆ “ನಾನು ಬರುವುದಿಲ್ಲ” ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು, ಬೇಕಾದ ಸಾಮಾನು ಕೊಡುವ ಕೆಲಸ ನನ್ನದು. ಬೇಡವೆಂದರೂ ನಾನೇ ಕೇಳಿ ಪಡೆದದ್ದು. ಪುಸ್ತಕ, ಪರದೆ, ಕತ್ತಲು, ಕೈಯಲ್ಲಿ ಬ್ಯಾಟರಿ: ಐದು ತಿಂಗಳ ಮೇಲೆ ಮೊದಲ ಸಲ ನನ್ನ ಮನೆಗೆ ಬಂದಂತಾಗಿತ್ತು.

ಆ ಕೊನೆಯ ಮಾತಿಗೆ ಮೊದಲು ಪುಸ್ತಕದಲ್ಲಿ ‘ಮೌನ’ ಎಂದು ಬರೆದಿತ್ತು. ತಾಲೀಮಿನಲ್ಲಿ ಮಾರ್ತಾ ಅದನ್ನು “ಇಲ್ಲಿ ಮೌನ” ಎಂದು ಬಾಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದಳು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಇರಬಹುದೆಂದು ನಾನು ತಿಳಿದಿದ್ದೆ.

ಪರೀಕ್ಷೆಯ ದಿನ ಹಾಲ್ ತುಂಬಿತ್ತು, ಮುಂದಿನ ಸಾಲಿನಲ್ಲಿ ಪರೀಕ್ಷಕರು. ಮಾರ್ತಾ ಅದ್ಭುತವಾಗಿ ಮಾಡಿದಳು. ಫೋನು ಹಿಡಿದು ನಿಂತಳು. ನಾನು ಮನಸ್ಸಿನಲ್ಲಿ ಮೂರು ಎಣಿಸಿದೆ. ಬಾಯಿ ಬಿಡಲಿಲ್ಲ. ಹೊರಗಿನ ದೇಶ, ಸ್ವಲ್ಪ ರಿಯಾಯಿತಿ ಕೊಡೋಣ ಎಂದು ಹತ್ತು ಎಣಿಸಿದೆ. ಇಲ್ಲ. ಇಪ್ಪತ್ತು. ಅವಳ ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ, ಇರುವುದೊಂದೇ ಮಾತು, ಅದೂ ಮರೆತುಹೋಯಿತಲ್ಲ ಎಂದುಕೊಂಡೆ. ಬ್ಯಾಟರಿ ಹಚ್ಚಿದೆ, ಪುಟ ನೋಡಿದೆ, ಗಿರಣಿಯ ದನಿಯಲ್ಲಿ ಹೇಳಿದೆ:

“ನಾನು ಬರುವುದಿಲ್ಲ!”

ಇಂಗ್ಲಿಷಿನಲ್ಲೇ ಹೇಳಿದ್ದು. ಹಾಲಿನ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು.

ನಮ್ಮೂರಾಗಿದ್ದರೆ ಪಾತ್ರಧಾರಿ ತಟ್ಟನೆ ಮಾತು ಎತ್ತಿಕೊಳ್ಳುತ್ತಿದ್ದ, ಆಟ ಮುಂದೆ ಸಾಗುತ್ತಿತ್ತು. ಇಲ್ಲಿ ಯಾರೂ ನಗಲೂ ಇಲ್ಲ. ಮಾರ್ತಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ವರ್ಣಿಸುವುದಿಲ್ಲ. ಫೋನನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದುಬಿಟ್ಟಳು. ಒಂದೂವರೆ ನಿಮಿಷದ ಆ ಮೌನವೇ ಅವಳ ಇಡೀ ಆಟದ ಜೀವವಂತೆ, ಅದಕ್ಕಾಗಿ ತಿಂಗಳುಗಟ್ಟಲೆ ಒಬ್ಬಳೇ ಅಭ್ಯಾಸ ಮಾಡಿದ್ದಳಂತೆ. ನನಗೆ ಹೇಗೆ ಗೊತ್ತಾಗಬೇಕು? ಪರೀಕ್ಷಕರು ಅವಳಿಗೆ ಮುಂದಿನ ವಾರ ಮತ್ತೆ ಆಡಲು ಬಿಟ್ಟರು. ನನಗೆ ಮಾತ್ರ ಪರದೆಯ ಪಕ್ಕ ಸುಳಿಯಬಾರದೆಂದು ಅಪ್ಪಣೆಯಾಯಿತು. ಮಾರ್ತಾ ಮೂರು ವಾರ ನನ್ನ ಜೊತೆ ಮಾತು ಬಿಟ್ಟಳು. ಆ ಮೌನಕ್ಕೆ ಯಾವ ಮಾತು ಹೇಳಿಕೊಡಬೇಕೋ ತಿಳಿಯದೆ ನಾನು ಅವಳ ಬಾಗಿಲ ಮುಂದೆ ಚಟ್ನಿಪುಡಿಯ ಡಬ್ಬಿ ಇಟ್ಟು ಓಡಿಬಂದೆ.

ಅಲಿಸನ್ ಮೇಡಂ ಕರೆಸಿದರು. ನಮ್ಮೂರ ಪದ್ಧತಿಯನ್ನು ವಿವರಿಸಿದೆ, ಬೆಲ್ಲದ ಪ್ರಸಂಗವನ್ನೂ ಹೇಳಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹಾಗಾದರೆ ನೀನು ರಂಗದ ಮೇಲೆ ನಿಂತದ್ದು ಯಾವಾಗ?” ಎಂದು ಕೇಳಿದರು.

“ಯಾವಾಗಲೂ ಇಲ್ಲ” ಎಂದೆ. ಸಂದರ್ಶನದ ನಗು ಈ ಸಲ ಬರಲಿಲ್ಲ.

ಅವರು ನಿಯಮ ನೆನಪಿಸಿದರು. ಮೇ ತಿಂಗಳಲ್ಲಿ ಎಲ್ಲರೂ ಇಪ್ಪತ್ತು ನಿಮಿಷ ಒಬ್ಬರೇ ಆಡಿ ತೋರಿಸಬೇಕು. ಅದಾಗದಿದ್ದರೆ ಪದವಿ ಇಲ್ಲ, ಪುಸ್ತಕದ ಪಾಠ ಮುಗಿಸಿದ್ದಕ್ಕೆ ಒಂದು ಪ್ರಮಾಣಪತ್ರ ಅಷ್ಟೇ. “ಬೇಕಾದರೆ ಈಗಲೇ ಅದನ್ನು ಆರಿಸಿಕೋ, ನಾಚಿಕೆಯೇನಿಲ್ಲ” ಎಂದರು. ನಾನು ಬೇಡವೆಂದೆ. ಹದಿಮೂರನೇ ವರ್ಷದಿಂದ ಕಾಯುತ್ತಿದ್ದೇನೆ ಎಂಬುದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ಅಳುತ್ತಿದ್ದೆ.

ಆರಿಸಿಕೊಂಡದ್ದು ಖಾದರ್ ಮಾಸ್ತರ ನಾಟಕದ ಕೊನೆಯ ದೃಶ್ಯ. ಮನೆ ಮುರಿದು ಹೊರಟ ಮಗನನ್ನು ತಾಯಿ ಬಾಗಿಲಲ್ಲಿ ತಡೆಯುತ್ತಾಳೆ. ಮಾತೂ ಇದೆ, ಹಾಡೂ ಇದೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಪಕ್ಕದಲ್ಲಿ ನಿಂತು ದೀಪದವರಿಗೆ ಸನ್ನೆ ಮಾಡಲು ಒಬ್ಬರು ಬೇಕಿತ್ತು. ಯಾರೂ ಮುಂದೆ ಬರಲಿಲ್ಲ, ನನಗೆ ಆಶ್ಚರ್ಯವೂ ಆಗಲಿಲ್ಲ. ಕೊನೆಗೆ ಮಾರ್ತಾ ಬಂದು, ನಾನು ಮಾತು ಬರೆದಿಟ್ಟಿದ್ದ ನೋಟ್‌ಬುಕ್ ಕಸಿದುಕೊಂಡಳು. ಕನ್ನಡದ ಮಾತನ್ನೆಲ್ಲ ಒಂದೊಂದಾಗಿ ನನ್ನ ಬಾಯಿಂದ ಹೇಳಿಸಿ ತನ್ನ ಲಿಪಿಯಲ್ಲಿ ಬರೆದುಕೊಂಡಳು.

“ನಿನ್ನ ಆಟದಲ್ಲಿ ಮೌನ ಎಲ್ಲೆಲ್ಲಿದೆ?” ಎಂದು ಕೇಳಿದಳು.

“ಎಲ್ಲೂ ಇಲ್ಲ.”

“ಅಂದರೆ ನೀನು ನಿಂತರೆ ಮರೆತಿದ್ದೀಯ ಎಂದೇ ಅರ್ಥ?”

“ಹೌದು.”

“ಎಷ್ಟು ಎಣಿಸಲಿ?”

“ಮೂರು.” ನಾನು ಬ್ಯಾಟರಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಚ್ಚಿ ನನ್ನ ಮುಖಕ್ಕೆ ಬಿಟ್ಟು ನಕ್ಕಳು. ರಾಜಿಯಾಯಿತು.

ಅಪ್ಪನಿಗೆ ಪರೀಕ್ಷೆ ಎಂದಷ್ಟೇ ಹೇಳಿದ್ದೆ. ಅದನ್ನು ಫೋನಿನಲ್ಲಿ ನೋಡಬಹುದು ಎಂದು ಬಾಯಿ ಜಾರಿ ಅಂದುಬಿಟ್ಟೆ. ಅಲ್ಲಿ ಮಧ್ಯಾಹ್ನ ಎರಡು ಗಂಟೆ, ಊರಲ್ಲಿ ಸಂಜೆ ಆರೂವರೆ. ಗೆಳೆಯನೊಬ್ಬ ಎರಡನೇ ಸಾಲಿನಲ್ಲಿ ನನ್ನ ಫೋನು ಹಿಡಿದು ಕೂತ. ಅದರಲ್ಲಿ ಅಪ್ಪ, ಅವ್ವ, ಖಾದರ್ ಮಾಸ್ತರು, ಹಿಂದೆ ನಾಟಕದ ಗಂಡಸರೆಲ್ಲ. “ಗಿರಣಿ ಬಂದ್ ಮಾಡೀವಿ! ಹಾಡವ್ವ!” ಎಂದು ಅಪ್ಪ ಕೂಗಿದ್ದು ಇಡೀ ಹಾಲಿಗೆ ಕೇಳಿಸಿತು. ನಾನು ಪರದೆಯ ಹಿಂದೆ ಅವ್ವನ ಇಳಕಲ್ ಸೀರೆ ಉಟ್ಟು, ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತಿದ್ದೆ. ನನಗೆ ಹೆದರಿಕೆಯಾಯಿತು. ಪರೀಕ್ಷಕರ ಹೆದರಿಕೆ ಅಲ್ಲ, ಆ ಅಂಗೈಯಗಲದ ಫೋನಿನ ಹೆದರಿಕೆ.

ಹೋದೆ. ದೀಪ ಬಿತ್ತು. ಬಾಗಿಲ ಬಳಿ ನಿಂತೆ. ಮಾತು ಮರೆತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅಭ್ಯಾಸ ನೋಡಿ. ನಾನು ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಮೊದಲ ಎರಡು ಪದ ಮೆಲ್ಲಗೆ ಹೇಳಿಕೊಟ್ಟೆ. ಹೇಳಿಕೊಟ್ಟು ಕಾದೆ, ಪಾತ್ರಧಾರಿ ಹೇಳಲಿ ಎಂದು. ಪಾತ್ರಧಾರಿ ಹೇಳಲಿಲ್ಲ. ಎಂಥ ದಡ್ಡಿಯಪ್ಪಾ ಇವಳು ಎಂದುಕೊಂಡೆ. ಆ ದಡ್ಡಿ ನಾನೇ ಎಂದು ಹೊಳೆದಾಗ ನಾಲಿಗೆ ಒಣಗಿಹೋಯಿತು.

ಸದ್ದೇ ಇಲ್ಲ. ಅಂಥ ನಿಶ್ಶಬ್ದವನ್ನು ನಾನು ಅದಕ್ಕೂ ಮೊದಲು ಕೇಳಿದ್ದು ಒಂದೇ ಕಡೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮೈಲಾರದ ಜಾತ್ರೆಯಲ್ಲಿ ವರ್ಷದ ಭವಿಷ್ಯ ನುಡಿಯುವ ಕಾರಣಿಕ ನೋಡಿದ್ದೆ. ದೇವರ ಗೊರವಯ್ಯ ಕಂಬದೆತ್ತರದ ಬಿಲ್ಲನ್ನೇರಿ “ಸದ್ದಲೇ!” ಎಂದು ಒಮ್ಮೆ ಕೂಗುತ್ತಾನೆ, ಲಕ್ಷ ಜನರ ಬಯಲು ಉಸಿರು ಹಿಡಿಯುತ್ತದೆ. ಅವತ್ತು ನನ್ನಪ್ಪನೂ ಬಾಯಿ ಮುಚ್ಚಿ ನಿಂತಿದ್ದರು. ನಾನು ಮಾತ್ರ ಬಗ್ಗಿ ಅವರ ಕಿವಿಯಲ್ಲಿ “ಅವಗ ಮಾತು ಮರ್ತೋತೇನಪ್ಪ?” ಎಂದು ಕೇಳಿ ತೊಡೆ ಚಿವುಟಿಸಿಕೊಂಡಿದ್ದೆ.

ಒಂದು. ಎರಡು. ಮೂರು. ಪಕ್ಕದಿಂದ ಬ್ಯಾಟರಿ ಹತ್ತಿದ್ದು ಕಂಡಿತು. ಆದರೂ ಮಾರ್ತಾ ತಡೆದಳು. ನನ್ನ ಮೌನ ನಿಜವೋ ಮರೆವೋ ಎಂದು ತೂಗುತ್ತಿದ್ದಳಂತೆ, ನನಗಿಂತ ಒಳ್ಳೆಯ ಬುದ್ಧಿ ಅವಳದು. ಆಮೇಲೆ ನನ್ನ ಕಣ್ಣು ನೋಡಿ, ಪೋರ್ಚುಗಲ್ಲಿನ ಗಂಟಲು ಬಿಚ್ಚಿ, ಕನ್ನಡದಲ್ಲಿ ಹೇಳಿದಳು:

“ನಿಲ್ಲು! ಈ ಹೊಸ್ತಿಲು ದಾಟುವ ಮುನ್ನ ನನ್ನ ಮಾತು ಕೇಳಿ ಹೋಗು!”

ಕೊನೆಯ ಸಾಲಿಗೂ ಕೇಳುವಂತೆ. ಸಾವಿರಾರು ಮೈಲಿ ಆಚೆಯ ಹಾಲಿನಲ್ಲಿ ಯಾರೋ ನನಗೆ ನಮ್ಮೂರ ಮಾತು ಹೇಳಿಕೊಟ್ಟರು. ನಾನು ಆ ಮಾತನ್ನು ಎತ್ತಿಕೊಂಡೆ, ಮತ್ತೆ ಕೊನೆಯವರೆಗೂ ನಿಲ್ಲಲಿಲ್ಲ.

ಪರೀಕ್ಷಕರು ಆ ಮೌನವನ್ನೂ ಆಚೆಯಿಂದ ಬಂದ ಆ ದನಿಯನ್ನೂ ನನ್ನ ಯೋಜನೆಯೆಂದೇ ತಿಳಿದು ಬಹಳ ಮೆಚ್ಚಿಕೊಂಡರು. ನಾನು ಈ ಸಲ ನಗಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ. ಆದರೂ ಪಾಸು ಮಾಡಿದರು. ಅಲಿಸನ್ ಮೇಡಂ ಮಾತ್ರ ಮೂಗು ಒರೆಸಿಕೊಳ್ಳುತ್ತ ಕಿಟಕಿಯ ಕಡೆ ನೋಡುತ್ತಿದ್ದರು.

ಫೋನು ಕೈಗೆ ತೆಗೆದುಕೊಂಡಾಗ ಅಪ್ಪ ಕಾಣಲಿಲ್ಲ. ಖಾದರ್ ಮಾಸ್ತರ ಮುಖ ಇಡೀ ಪರದೆ ತುಂಬಿತ್ತು. “ಲೇ ಕೊಟ್ರಿ, ಮೊದ್ಲ ಸುಮ್ಮನ ನಿಂತಿದ್ದೆಲ್ಲ, ಅದು ನನ್ನ ನಾಟಕದಾಗ ಇಲ್ಲ” ಎಂದರು. ನಾನು ತಲೆ ತಗ್ಗಿಸಿದೆ. “ಆದ್ರ ಇರ್ಲಿ. ಇಲ್ಲಿ ಯಾರೂ ಕೆಮ್ಮಲಿಲ್ಲವ್ವ. ಮತ್ತ ಆ ಹೇಳಿಕೊಟ್ಟಾಕಿ ಯಾರು? ಬಾಯಿ ಚೊಲೋ ಐತಿ.”

“ಅಪ್ಪ ಎಲ್ಲಿ?” ಎಂದೆ.

“ಗಿರಣಿ ಚಾಲು ಮಾಡಾಕ ಹೋಗ್ಯಾರ” ಎಂದಳು ಅವ್ವ. ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು. ಆ ಹೊತ್ತಿನಲ್ಲಿ ಬೀಸಲು ಯಾರೂ ಬಂದಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಪ್ಪ ಅವತ್ತೂ ಏನೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ, ನಾನು ಊರಿಗೆ ಬಂದ ಮೇಲೂ ಹೇಳಲಿಲ್ಲ. ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು, ನಾಟಕ ಕಲಿಸುವ ಕೆಲಸ ಸಿಕ್ಕಿ ದಿನಾ ಬಸ್ಸಿನಲ್ಲಿ ಓಡಾಡತೊಡಗಿದೆ. ಆ ಸಂಜೆಯ ಮಾತು ಮಾತ್ರ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಈ ವರ್ಷ ಯುಗಾದಿಗೆ ಎರಡು ತಿಂಗಳಿರುವಾಗ ತಾಲೀಮು ಶುರುವಾಯಿತು. ನಾನು ರೂಢಿಯಂತೆ ಬ್ಯಾಟರಿ ಹುಡುಕಿದೆ, ಸಿಗಲಿಲ್ಲ. ಹೊರಗೆ ಬಂದು ನೋಡಿದರೆ ಅಪ್ಪ ಅದಕ್ಕೆ ಹೊಸ ಸೆಲ್ಲು ಹಾಕುತ್ತಿದ್ದಾರೆ.

“ಮಣಕಾಲ ನೋವು, ನನಗ ಇನ್ನ ನಿಂದರಾಕ ಆಗಂಗಿಲ್ಲ. ಈ ಸಲ ಪರದಿ ಹಿಂದ ನಾ ಕುಂದರತೀನಿ” ಎಂದರು. ಸೆಲ್ಲಿನ ಮುಚ್ಚಳ ತಿರುವುತ್ತ, ನನ್ನ ಮುಖ ನೋಡದೆ ಕೇಳಿದರು. “ಆ ತಾಯಿ ಪಾತ್ರಕ್ಕ ಕೂಡ್ಲಿಗಿಯವರಿಗೆ ಹೇಳಬ್ಯಾಡ ಅಂತ ಮಾಸ್ತರಿಗೆ ಹೇಳೀನಿ. ನಿನಗ ಮಾತು ಬರ್ತಾವಲ್ಲ?”

ಬರುತ್ತವೆ ಎಂದೆ.

ಖಾದರ್ ಮಾಸ್ತರು ಹಸಿರು ಶಾಯಿಯ ಆ ಹಳೇ ನೋಟ್‌ಬುಕ್ಕಿನಲ್ಲಿ, ‘ನಿಲ್ಲು’ ಎನ್ನುವುದಕ್ಕೆ ಮೊದಲು ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು: ‘ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವುದು. ಯಾರೂ ಹೇಳಿಕೊಡಬಾರದು.’ ಯಾರೂ ಎನ್ನುವುದರ ಕೆಳಗೆ ಎರಡು ಗೆರೆ ಎಳೆದು, ಅಪ್ಪನ ಕಡೆ ನೋಡಿ, ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟರು.

ಆಟದ ದಿನ ನಾನು ನಮ್ಮೂರ ಜನರೆದುರು ಬಣ್ಣ ಹಚ್ಚಿ ಬಾಗಿಲಲ್ಲಿ ನಿಂತೆ. ಮಗ ಹೊರಟ. ನಾನು ಸುಮ್ಮನೆ ನೋಡುತ್ತ ನಿಂತೆ. ಮುಂದೆ ಕೂತ ಮಕ್ಕಳ ಬಾಯಲ್ಲಿ ಮಂಡಕ್ಕಿ ನಿಂತಿತು. ಮೂರು ದಾಟಿತು, ಹತ್ತು ದಾಟಿತು. ಹಿಂದಿನಿಂದ ಯಾರೋ “ಮರ್ತಾಳಲೇ!” ಎಂದರು. ಇನ್ನೊಬ್ಬ “ಮಲ್ಲಪ್ಪಣ್ಣ, ನಿದ್ದಿ ಹತ್ತೇತೇನು? ಹೇಳಿಕೊಡೋ!” ಎಂದು ಕೂಗಿದ. ಓರೆಗಣ್ಣಿನಲ್ಲಿ ನೋಡಿದೆ. ಪರದೆಯ ಪಕ್ಕದಲ್ಲಿ ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಆ ಮಾತು ಅವರ ಗಂಟಲಿನವರೆಗೂ ಬಂದು ನಿಂತಿದ್ದು ನನಗೆ ಕಾಣುತ್ತಿತ್ತು. ಬ್ಯಾಟರಿ ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಟಕ್, ಟಕ್, ಟಕ್. ಅದು ಸನ್ನೆಯಲ್ಲವೆಂದು ತಿಳಿದ ಮಾಸ್ತರು ಹಾಡು ಎತ್ತಲಿಲ್ಲ, ಪರದೆಯೂ ಬೀಳಲಿಲ್ಲ. ಆಮೇಲೆ ಒಂದು ಸಲ ಜೋರಾಗಿ ಟಕ್ ಎಂದು ಬೆಳಕು ಹೋಯಿತು.

ಗುಂಡಿ ಒಳಗೆ ಹೋದದ್ದು ಆವಾಗಲೇ. ಅಪ್ಪ ಬಾಯಿ ಮಾತ್ರ ತೆರೆಯಲಿಲ್ಲ.